ಹುಳುಮನೆಯ ಎಸಿ ಆರಿಸಿದ್ದು ಯಾರು?

ತಂಪು ಸೌಕರ್ಯ ಯೋಜನೆಯ ಅನುಷ್ಠಾನಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ನೋಟೀಸು ತಲುಪಿದೆ. ಯೋಜನೆಯಡಿ ಕೊಟ್ಟ ಎರಡು ಎಸಿಗಳನ್ನು ಆರಿಸಿ, ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟಿದ ಅಪರಾಧಕ್ಕಾಗಿ ನನ್ನ ಸೊಸೆ ಆಶಾರಾಣಿಯ ರೇಷ್ಮೆ ಚಾಕಿ ಕೇಂದ್ರದ ಪರವಾನಗಿಯನ್ನು ಈ ತಿಂಗಳ ಕೊನೆಗೆ ರದ್ದು ಮಾಡಿ ಬೀಗ ಹಾಕುವುದಾಗಿ ತಾವು ತಿಳಿಸಿದ್ದೀರಿ. ಆರೋಪ ಎರಡೂ ನಿಜ. ಎಸಿ ಆರಿಸಿದ್ದು ನಿಜ, ಗೋಣಿತಾಟು ಕಟ್ಟಿದ್ದೂ ನಿಜ. ಹುಳು ಬದುಕಿದ್ದು ಅದರಿಂದಲೇ ಎಂಬುದು ಮೂರನೆಯ ನಿಜ. ಅದು ತಮ್ಮ ನೋಟೀಸಿನಲ್ಲಿ ಎಲ್ಲಿಯೂ ಇಲ್ಲ. ಇನ್ನೊಂದು ಸಂಗತಿಯನ್ನಂತೂ ತಾವು ಪೂರ್ತಿ ತಪ್ಪಾಗಿ ಬರೆದಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಸೊಸೆಯ ಪರವಾಗಿ ಅತ್ತೆಯೊಬ್ಬಳು ಸರ್ಕಾರಕ್ಕೆ ಪತ್ರ ಬರೆಯುತ್ತಿದ್ದಾಳೆ ಎಂದ ಮೇಲೆ ವಿಷಯ ಎಷ್ಟು ಗಂಭೀರ ಎಂದು ತಾವೇ ಊಹಿಸಬಹುದು. ನಾನು ಮಂಚೇನಹಳ್ಳಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಸುತ್ತೋಲೆಗಳ ನಡುವೆಯೇ ತಲೆ ನೆರೆಸಿಕೊಂಡಿದ್ದೇನೆ. ಮೇಲಿನವರ ಆದೇಶ ಎಂದರೆ ಎದ್ದು ನಿಲ್ಲುವ ಅಭ್ಯಾಸ ಇನ್ನೂ ಹೋಗಿಲ್ಲ. ಈಗ ಗಂಡ ಆವಲಪ್ಪನವರ ಊರಿನಲ್ಲಿದ್ದೇನೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಳಕ್ಕೆ ನಡೆಯಬೇಕಾದ ಊರು. ತಮ್ಮ ಜೀಪು ಮನೆ ಬಾಗಿಲಿಗೇ ಬರುತ್ತದೆ, ಹಾಗಾಗಿ ನಡೆಯುವ ಮಾತು ತಮಗೆ ಅನ್ವಯಿಸುವುದಿಲ್ಲ.

ಪತ್ರ ಬಹಿರಂಗವಾದ್ದರಿಂದ ರೇಷ್ಮೆ ಸಾಕದ ಓದುಗರೂ ಇರುತ್ತಾರೆ. ಅವರಿಗಾಗಿ ಎರಡು ಮಾತು. ತಾವೂ ಓದಿದರೆ ನಷ್ಟವೇನಿಲ್ಲ. ಮೊಟ್ಟೆ ಒಡೆದು ಬಂದ ರೇಷ್ಮೆ ಹುಳು ಇರುವೆಗಿಂತ ಚಿಕ್ಕದು. ಅದು ಬೆಳೆಯುವಾಗ ಹಳೆಯ ಚರ್ಮ ಕಳಚುತ್ತದೆ. ಕಳಚುವ ಮೊದಲು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ನಿಲ್ಲುತ್ತದೆ. ಅದನ್ನು ನಾವು ಜ್ವರಕ್ಕೆ ಮಲಗುವುದು ಎನ್ನುತ್ತೇವೆ. ಎರಡನೆಯ ಜ್ವರ ಏಳುವವರೆಗಿನ ಎಳೆ ಹುಳುಗಳನ್ನು ಒಂದೇ ಕಡೆ ಜೋಪಾನ ಮಾಡಿ, ಆಮೇಲೆ ರೈತರ ಮನೆಗಳಿಗೆ ಹಂಚುವ ಜಾಗವೇ ಚಾಕಿ ಕೇಂದ್ರ. ಬಾಣಂತಿ ಕೋಣೆ ಇದ್ದ ಹಾಗೆ. ಅಲ್ಲಿ ಎಡವಿದರೆ ಆಮೇಲೆ ಯಾವ ರೈತ ಎಷ್ಟು ಸೊಪ್ಪು ಸುರಿದರೂ ಗೂಡು ಗಟ್ಟಿಯಾಗುವುದಿಲ್ಲ.

ಆದ್ದರಿಂದ ಹುಳುಮನೆ ಇರುವ ಮನೆಯ ರೀತಿನೀತಿಯೇ ಬೇರೆ. ಹುಳು ಇರುವಷ್ಟು ದಿನ ನಮ್ಮಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಘಾಟು ಒಗ್ಗರಣೆ ಹಾಕುವುದಿಲ್ಲ, ಸೊಳ್ಳೆಬತ್ತಿ ಇಲ್ಲ, ಬೀಡಿ ಇಲ್ಲ. ಬಂದವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು. ಹುಳು ಜ್ವರಕ್ಕೆ ಮಲಗಿದರೆ ಯಾರೂ ಜೋರಾಗಿ ಮಾತಾಡುವುದಿಲ್ಲ. ಹುಳುವಿಗೆ ಕಿವಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಅತ್ತೆ ಕಲಿಸಿದ್ದು ಹಾಗೆ. ಅತ್ತೆ-ಸೊಸೆ ಜಗಳವನ್ನೂ ನಾವು ಜ್ವರ ಏಳುವವರೆಗೆ ಮುಂದೂಡುತ್ತೇವೆ.

ಈ ಎಳೆ ಹುಳುವಿಗೆ ಬೇಕಾದದ್ದು ಚಳಿಯಲ್ಲ, ಸ್ವಾಮಿ. ಇಪ್ಪತ್ತೇಳು ಡಿಗ್ರಿಯ ಆಸುಪಾಸಿನ ಹಿತವಾದ ಬೆಚ್ಚಗೆ, ಮತ್ತು ತೇವ. ಅದು ನೀರು ಕುಡಿಯುವುದಿಲ್ಲ; ಎಲೆಯಲ್ಲಿರುವ ಹಸಿಯೇ ಅದಕ್ಕೆ ನೀರು. ಎಲೆ ಬಾಡಿದರೆ ಅದರ ಪುಟ್ಟ ಬಾಯಿಗೆ ಕಡಿಯಲು ಬಾರದು. ಬೇಸಗೆಯ ಬಿಸಿಗಾಳಿಗೆ ನಮ್ಮವರು ಕಂಡುಕೊಂಡ ಉಪಾಯ ಕಿಟಕಿಗೆ ಒದ್ದೆ ಗೋಣಿತಾಟು. ಹೊರಗಿನ ಒಣ ಗಾಳಿ ಅದರೊಳಗೆ ನುಗ್ಗಿ ಬರುವಾಗ ತಣ್ಣಗೂ ಆಗುತ್ತದೆ, ತೇವವನ್ನೂ ತರುತ್ತದೆ. ಆಶಾರಾಣಿ ಇದನ್ನು ಬರೀ ನಂಬಿಕೆಯಿಂದ ಮಾಡುತ್ತಿದ್ದವಳಲ್ಲ. ಅವಳು ರೇಷ್ಮೆ ಕೃಷಿಯನ್ನೇ ಓದಿ ಪದವಿ ಪಡೆದವಳು. ತಾಪ, ತೇವ ಎರಡನ್ನೂ ಅಳೆಯುವ ಮಾಪಕ ಗೋಡೆಯಲ್ಲಿ ನೇತಾಡುತ್ತಿದೆ. ತಮ್ಮ ಪರಿವೀಕ್ಷಕರು ಅದನ್ನು ಗಡಿಯಾರವೆಂದು ತಿಳಿದು ತಮ್ಮ ಕೈಗಡಿಯಾರದೊಂದಿಗೆ ತಾಳೆ ನೋಡಿದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಜಾಗಕ್ಕೆ ಈ ಬೇಸಗೆಯ ಆರಂಭದಲ್ಲಿ ತಮ್ಮ ಕೃಪೆ ಬಂದಿಳಿಯಿತು. ಎರಡು ಸ್ಪ್ಲಿಟ್ ಎಸಿ. ಬಿಳಿ ಪೆಟ್ಟಿಗೆಗಳು ಒಳಗೋಡೆಗೆ, ಗರ್ ಎನ್ನುವ ಪೆಟ್ಟಿಗೆಗಳು ಹೊರಗೋಡೆಗೆ. ಊರಿಗೆ ಊರೇ ನೋಡಲು ಬಂತು. ಆಶಾರಾಣಿ ಮೊದಲ ದಿನವೇ ಕೇಳಿದಳು: "ಸಾರ್, ಎಸಿ ಕೊಟ್ಟಿದ್ದು ಸಂತೋಷ. ಇದರ ಜೊತೆಗೆ ಗಾಳಿಗೆ ತೇವ ಕೊಡೋ ಮೆಷಿನ್ ಒಂದು ಬೇಕಲ್ಲ? ಬರೀ ಎಸಿ ಹಾಕಿದ್ರೆ ರೂಮು ಒಣಗೋಗ್ತದೆ."

ಪರಿವೀಕ್ಷಕರು ನಕ್ಕರು. "ಅದೆಲ್ಲ ನಮ್ಮ ಯೋಜನೇಲಿ ಬರಲ್ಲಮ್ಮ. ಕೊಟ್ಟಿದ್ದನ್ನ ಉಪಯೋಗಿಸ್ಕೊಳ್ಳಿ. ಮೊದಲು ಆ ಗಲೀಜು ಗೋಣಿ ಕಿತ್ತಾಕಿ. ಎಸಿ ರೂಮಲ್ಲಿ ಯಾರಾದ್ರೂ ಗೋಣಿ ಕಟ್ತಾರಾ?"

ಗೋಣಿ ಕಿತ್ತೆವು. ಕಿಟಕಿಗಳನ್ನು ಮುಚ್ಚಿ ಸಂದಿಗಳಿಗೆ ಟೇಪು ಅಂಟಿಸಿದೆವು. ಎಸಿ ಇಪ್ಪತ್ತು ಡಿಗ್ರಿಯಲ್ಲೇ ಇರಬೇಕು, ಹುಳು ಇರುವವರೆಗೆ ಆರಿಸಕೂಡದು, ಪ್ರತಿದಿನ ಬೆಳಗ್ಗೆ ಅದರ ಮೇಲೆ ಮಿನುಗುವ ಅಂಕಿಯ ಫೋಟೋ ತೆಗೆದು ತಮ್ಮ ಕಚೇರಿಯ ವಾಟ್ಸಾಪ್ ಗುಂಪಿಗೆ ಕಳಿಸಬೇಕು ಎಂದು ಆದೇಶವಾಯಿತು. ಹುಳುವಿನ ಫೋಟೋ ಬೇಕೇ ಎಂದು ಸೊಸೆ ಕೇಳಿದಳು. ಬೇಡವಂತೆ. ತಮಗೆ ಬೇಕಾಗಿದ್ದ ಸಾಕ್ಷಿ ಎಸಿ ಬದುಕಿದೆ ಎಂಬುದಕ್ಕೆ ಮಾತ್ರ. ನಾನು ಸರ್ಕಾರಿ ನೌಕರಿ ಮಾಡಿದವಳು, ಇದರಲ್ಲಿ ನನಗೆ ಆಶ್ಚರ್ಯವಾಗಲಿಲ್ಲ.

ಆ ಸಲ ಮೊಟ್ಟೆ ಒಡೆದು ಹುಳು ಬಂತು. ಬೆಳಗ್ಗೆ ಸಣ್ಣಗೆ ಹೆಚ್ಚಿ ಉದುರಿಸಿದ ಎಳೆ ಸೊಪ್ಪು ಮಧ್ಯಾಹ್ನಕ್ಕೆ ಸುರುಳಿ ಸುತ್ತಿಕೊಂಡಿತು. ಆಶಾರಾಣಿ ನನ್ನ ಕೈ ಹಿಡಿದು ತಟ್ಟೆಯ ಮೇಲಿಟ್ಟಳು.

"ಮುಟ್ಟಿ ನೋಡಿ ಅತ್ತೆ. ಹಪ್ಪಳ ಆಗೋಗೈತೆ. ಇವು ಏನ್ ತಿಂತಾವೆ?"

ನೆಲಕ್ಕೆ ನೀರು ಚಿಮುಕಿಸಿದೆವು. ತಟ್ಟೆಗಳ ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟೆವು. ಎಸಿಗೆ ಅದರಿಂದ ಬಹಳ ಸಂತೋಷವಾಯಿತು. ನಾವು ಒಳಗೆ ಚಿಮುಕಿಸಿದ ನೀರನ್ನೆಲ್ಲ ಅದು ಗಾಳಿಯಿಂದ ಹೀರಿ, ಹೊರಗೋಡೆಯ ಕೊಳವೆಯಿಂದ ತೊಟ್ಟಿಕ್ಕಿಸುತ್ತಿತ್ತು. ಕೆಳಗೆ ಬಕೆಟ್ಟು ಇಟ್ಟೆವು, ಅದು ತುಂಬುತ್ತಿತ್ತು. ಒಳಗೆ ಸೊಪ್ಪು ಒಣಗುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುವ ಗಾದೆಯನ್ನು ಎಷ್ಟು ವರ್ಷ ಮಕ್ಕಳಿಗೆ ವಿವರಿಸಿದ್ದೇನೋ, ಅದನ್ನು ಕಣ್ಣಾರೆ ಕಂಡಿದ್ದು ಆ ಬಕೆಟ್ಟಿನ ಮುಂದೆ. ಡಿಗ್ರಿ ಏರಿಸೋಣವೆಂದರೆ ಬೆಳಗಿನ ಫೋಟೋದಲ್ಲಿ ಇಪ್ಪತ್ತು ಕಾಣಬೇಕು. ಫೋಟೋ ತೆಗೆದ ಮೇಲೆ ಏರಿಸಿದರೂ ಒಣಗುವುದು ನಿಲ್ಲಲಿಲ್ಲ.

ಎಲ್ಲ ಹುಳುವೂ ಒಟ್ಟಿಗೆ ಜ್ವರಕ್ಕೆ ಮಲಗಬೇಕು, ಒಟ್ಟಿಗೆ ಏಳಬೇಕು. ಆ ಸಲ ಒಂದು ತಟ್ಟೆಯಲ್ಲಿ ಮಲಗಿದ್ದರೆ ಪಕ್ಕದ್ದರಲ್ಲಿ ಇನ್ನೂ ತಿನ್ನುತ್ತಿದ್ದವು, ಒಂದೇ ತಟ್ಟೆಯ ಮೂಲೆಯಲ್ಲಿ ಅರ್ಧಕ್ಕರ್ಧ ಸೊರಗಿದ್ದವು. ಆದರೂ ಹಂಚುವ ದಿನ ಬಂತು, ಹಂಚಿದೆವು. ಸೊಸೆ ಪ್ರತಿಯೊಬ್ಬರಿಗೂ ಹೇಳಿಯೇ ಕೊಟ್ಟಳು, ಹುಳು ಸಮನಾಗಿಲ್ಲ, ನೋಡಿಕೊಳ್ಳಿ ಎಂದು. ಮೂರು ವಾರ ಕಳೆಯುವುದರೊಳಗೆ ನಲ್ಲಪ್ಪ ನಮ್ಮ ಅಂಗಳಕ್ಕೆ ಬಂದರು. ನಮ್ಮ ಕೇಂದ್ರದಿಂದಲೇ ಮೊದಲಿನಿಂದ ಹುಳು ಒಯ್ಯುವ ಹಿರಿಯರು. ಕೈಯಲ್ಲಿ ಬಿದಿರು ತಟ್ಟೆ. ತಟ್ಟೆಯ ತುಂಬ ಗೂಡು ಕಟ್ಟದೆಯೇ ಕಪ್ಪಾಗಿ ಸತ್ತ ಹುಳು. ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಮೆಲ್ಲಗೆ ಹೇಳಿದರು.

"ಏನಮ್ಮ ಆಶಾ, ನಿನ್ನ ಕೈಯಿಂದ ಬಂದ ಹುಳ ಹಿಂಗಾಗಿದ್ದು ನಾನು ನೋಡೇ ಇಲ್ಲ. ಆ ಚಳಿ ಪೆಟ್ಟಿಗೆ ಬಂದ್ಮ್ಯಾಕೆ ಕಣಮ್ಮ. ಎಲ್ರೂ ಅದೇ ಮಾತಾಡ್ತಾವ್ರೆ. ಇನ್ನೊಂದು ಬೆಳೆ ಹಿಂಗೇ ಆದ್ರೆ ಬ್ಯಾರೆ ಕಡೆ ನೋಡ್ಕೋಬೇಕಾಗ್ತದೆ."

ಅವಳು ಆ ತಟ್ಟೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ತುಂಬ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ದಳು, ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಈ ಕೇಂದ್ರ ಅವಳ ಮದುವೆಯ ಉಡುಗೊರೆಯಲ್ಲ. ಅವಳೇ ಹಟ ಹಿಡಿದು, ಅವಳೇ ಕಟ್ಟಿಸಿ, ಮನೆಮನೆ ಸುತ್ತಿ ನಂಬಿಕೆ ಗಳಿಸಿದ್ದು. ಮೊದಲ ವರ್ಷ ನಾನೂ ನಂಬಿರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ವಿಚಾರ.

ಮಾನ್ಯರೇ, ಆಗ ನಾನು ಮುಖ್ಯೋಪಾಧ್ಯಾಯಿನಿಯೊಬ್ಬಳು ಮಾಡಬೇಕಾದ್ದನ್ನೇ ಮಾಡಿದೆ. ಪಾಠ ಓದಲು ಹೊರಟೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಎಸಿ ಮಾರುವ ಅಂಗಡಿಗೆ ಹೋದೆ. ಅಲ್ಲಿನ ಮಾರಾಟಗಾರ ಬೀರೇಶ್ ನನ್ನ ಹಳೆಯ ವಿದ್ಯಾರ್ಥಿ. ನಾಲ್ಕನೇ ತರಗತಿಯಲ್ಲಿ ಮಗ್ಗಿ ತಪ್ಪುತ್ತಿದ್ದವನು ಈಗ ಕುತ್ತಿಗೆಗೆ ಟೈ ಕಟ್ಟಿಕೊಂಡು ಎದ್ದು ನಿಂತ.

"ಮಿಸ್! ಮನೆಗಾ, ಅಂಗಡಿಗಾ ಮಿಸ್?"

"ಹುಳಕ್ಕೆ ಕಣಪ್ಪ."

ಅವನಿಗೆ ಅರ್ಥವಾಗಲಿಲ್ಲ; ಆದರೂ ಮಾರುವ ಉತ್ಸಾಹ ಕುಗ್ಗಲಿಲ್ಲ. ಕಿಟಕಿಯಲ್ಲೇ ಕೂರುವ ಒಂಟಿ ಪೆಟ್ಟಿಗೆ ತೋರಿಸಿದ: ಒಂದೇ ಕೋಣೆಗೆ, ಬಾಡಿಗೆ ಮನೆಗೆ, ಬಿಚ್ಚಿಕೊಂಡು ಹೋಗಲು ಸುಲಭ, ಸದ್ದು ಮಾತ್ರ ಜಾಸ್ತಿ. ಸ್ಪ್ಲಿಟ್ಟು ತೋರಿಸಿದ: ಸದ್ದು ಮಾಡುವ ಅರ್ಧವನ್ನು ಹೊರಗಿಟ್ಟು ತಂಪು ಊದುವ ಅರ್ಧವನ್ನು ಒಳಗಿಡುವುದು, ಮಲಗುವ ಕೋಣೆಗೂ ಸಣ್ಣ ಅಂಗಡಿಗೂ ಸರಿ. ಇನ್ವರ್ಟರ್ ಎಂದರೆ ಕರೆಂಟು ಹೋದಾಗ ಓಡುವುದೆಂದು ಬಹಳ ಜನ ತಿಳಿದಿದ್ದಾರಂತೆ, ಹಾಗಲ್ಲವಂತೆ. ಕೋಣೆ ತಣ್ಣಗಾದ ಮೇಲೆ ಯಂತ್ರ ಪೂರ್ತಿ ನಿಲ್ಲದೆ ಮೆಲ್ಲಗೆ ಓಡುತ್ತದೆ, ಕರೆಂಟು ಉಳಿಯುತ್ತದೆ. ಚಾವಣಿಯಲ್ಲಿ ಹುದುಗಿ ನಾಲ್ಕು ದಿಕ್ಕಿಗೆ ಊದುವ ಕ್ಯಾಸೆಟ್ ಎಸಿ ಬಟ್ಟೆ ಅಂಗಡಿಗೆ, ಹೋಟೆಲಿಗೆ. ಒಂದು ದೊಡ್ಡ ಯಂತ್ರದಿಂದ ತಗಡಿನ ಕೊಳವೆಗಳಲ್ಲಿ ಎಲ್ಲೆಡೆಗೆ ತಂಪು ಹಂಚುವುದು ಕಲ್ಯಾಣ ಮಂಟಪಕ್ಕೆ, ಆಸ್ಪತ್ರೆಗೆ. ಎಲ್ಲ ಕೇಳಿಕೊಂಡೆ. ಇವಿಷ್ಟರಲ್ಲಿ ಗಾಳಿಗೆ ತೇವ ಸೇರಿಸುವುದು ಯಾವುದು ಎಂದೆ.

ಬೀರೇಶ್ ತಲೆ ಕೆರೆದುಕೊಂಡ. "ಯಾವ್ದೂ ಇಲ್ಲ ಮಿಸ್. ಎಸಿ ಅಂದ್ರೆ ತೇವ ತೆಗೆಯೋದೇ. ತೇವ ಬೇಕು ಅಂದ್ರೆ ಅಲ್ಲಿ ಮೂಲೇಲಿ ಕೂಲರ್ ಇದಾವಲ್ಲ, ಒದ್ದೆ ಹುಲ್ಲಿನ ಪ್ಯಾಡು, ಹಿಂದ್ಗಡೆ ನೀರು, ಮುಂದ್ಗಡೆ ಫ್ಯಾನು, ಅದು. ಆದ್ರೆ ಅದಕ್ಕೆ ಕಿಟಕಿ ತೆಗೆದಿರ್ಬೇಕು. ಆದ್ರೂ ಮಿಸ್, ನಿಮ್ಗೆ ಕ್ಯಾಸೆಟ್ಟೇ ಚೆನ್ನಾಗಿರ್ತದೆ, ಲುಕ್ ಇರ್ತದೆ."

ಹುಳುಮನೆಗೆ ಲುಕ್ಕು ಕೊಡುವ ಯೋಚನೆಯನ್ನು ಅಲ್ಲೇ ಬಿಟ್ಟೆ. ಮೂಲೆಯಲ್ಲಿ ಧೂಳು ಹಿಡಿದು ಕೂತಿದ್ದ ಕೂಲರನ್ನು ನೋಡುತ್ತ ನಿಂತೆ. ಒದ್ದೆ ಪ್ಯಾಡು, ಅದರೊಳಗಿಂದ ನುಗ್ಗುವ ಗಾಳಿ, ತೆರೆದ ಕಿಟಕಿ. ನಮ್ಮ ಗೋಣಿತಾಟಿಗೂ ಇದಕ್ಕೂ ಇದ್ದ ವ್ಯತ್ಯಾಸ ಪ್ಲಾಸ್ಟಿಕ್ಕಿನ ಹೊದಿಕೆ ಒಂದೇ. ತಮ್ಮ ಪರಿವೀಕ್ಷಕರು ಗಲೀಜು ಎಂದು ಕೀಳಿಸಿದ್ದನ್ನೇ ಕಂಪನಿಯವರು ಬಣ್ಣ ಬಳಿದು ಮಾರುತ್ತಿದ್ದರು.

ಊರಿಗೆ ಬಂದು ಹೇಳಿದರೆ ಆಶಾರಾಣಿ, "ಇದನ್ನೇ ಅಲ್ವಾ ಅತ್ತೆ ನಾನು ಮೊದಲ ದಿನದಿಂದ ಬಡ್ಕೊಂತಿರೋದು" ಎಂದಳು. ನಿಜ. ಅವಳ ಮಾತು ನಂಬಲು ನನಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಬೇಕಾಯಿತು. ಅತ್ತೆಯರ ಜಾತಿಯೇ ಅಷ್ಟು.

ಮುಂದಿನ ಬೆಳೆಯ ಮೊಟ್ಟೆ ಒಡೆದಾಗ ಹೊರಗೆ ಉರಿಬಿಸಿಲು. ಮೊದಲ ದಿನವೇ ಸೊಪ್ಪು ಸುರುಳಿ ಸುತ್ತತೊಡಗಿತು. ಮಧ್ಯಾಹ್ನ ನಾನು ಹುಳುಮನೆಗೆ ಹೋದಾಗ ಆಶಾರಾಣಿ ಎಸಿಯ ಸ್ವಿಚ್ಚಿನ ಕೆಳಗೆ ನಿಂತಿದ್ದಳು. ಕೈ ಸ್ವಿಚ್ಚಿನ ಮೇಲಿತ್ತು.

"ಆರಿಸಿದ್ರೆ ಪರವಾನಗಿ ಹೋಗ್ತದೆ ಅತ್ತೆ. ಆರಿಸಿಲ್ಲ ಅಂದ್ರೆ ಹುಳ ಹೋಗ್ತದೆ. ನಾನೇನ್ ಮಾಡ್ಲಿ?"

ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಅವರದೂ ಹೆದರಿಕೆಯೇ. "ಸರ್ಕಾರದ್ ಸಾಮಾನು ಕಣಮ್ಮ ಅದು. ಮುಟ್ಟಬ್ಯಾಡ. ನಾಳೆ ಕೇಸೂ ಗೀಸೂ ಅಂದ್ರೆ ಯಾರ್ ಅಲೀತಾರೆ?"

ಮಾನ್ಯರೇ, ತಮ್ಮ ನೋಟೀಸಿನಲ್ಲಿರುವ ತಪ್ಪಿಗೆ ಈಗ ಬಂದೆ. "ಪರವಾನಗಿದಾರರಾದ ಶ್ರೀಮತಿ ಆಶಾರಾಣಿಯವರು ಉದ್ದೇಶಪೂರ್ವಕವಾಗಿ ಯಂತ್ರಗಳನ್ನು ಸ್ಥಗಿತಗೊಳಿಸಿದ್ದು" ಎಂದು ತಾವು ಬರೆದಿದ್ದೀರಿ. ಅವಳು ಸ್ಥಗಿತಗೊಳಿಸಲಿಲ್ಲ. "ನೀನು ಮುಟ್ಟಬೇಡ, ಸರಿ ಆ ಕಡೆ" ಎಂದು ಅವಳ ಕೈ ಎಳೆದು ಪಕ್ಕಕ್ಕಿಟ್ಟವಳು ನಾನು. ಎರಡೂ ಸ್ವಿಚ್ಚು ಆರಿಸಿದವಳು ನಾನು. ಕಿಟಕಿಯ ಟೇಪು ಹರಿದವಳು ನಾನು. ಗೋಣಿ ನೆನೆಸಿ ತನ್ನಿ ಎಂದು ಗಂಡನಿಗೆ ಹೇಳಿದವಳೂ ನಾನೇ. ಅವರು ತಂದರು, ಮದುವೆಯಾದ ಮೇಲೆ ಮೊದಲ ಸಲ ಎದುರಾಡದೆ. ಉದ್ದೇಶಪೂರ್ವಕ ಎಂಬ ಮಾತು ಮಾತ್ರ ಸರಿಯಾಗಿದೆ. ಅಷ್ಟು ಉದ್ದೇಶಪೂರ್ವಕವಾಗಿ ನಾನು ಜೀವಮಾನದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಸಂಜೆಗೆ ಸೊಪ್ಪು ಹಸಿಯಾಗಿಯೇ ಇತ್ತು. ಆ ಸಲ ಎಲ್ಲ ಹುಳುವೂ ಒಟ್ಟಿಗೆ ಮಲಗಿದವು, ಒಟ್ಟಿಗೆ ಎದ್ದವು. ಹಂಚಿದ ಮನೆಗಳಲ್ಲೆಲ್ಲ ಗೂಡು ಕಲ್ಲಿನ ಹಾಗೆ ಕಟ್ಟಿತು. ನಲ್ಲಪ್ಪ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದು, ಒಂದು ಗೂಡನ್ನು ಸೊಸೆಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳ್ಳೆಯ ಗೂಡಿನೊಳಗೆ ಮಾತ್ರ ಬರುವ ಗಲಗಲ ಸದ್ದು ಕೇಳಿಸಿದರು. ಅವಳು ನಕ್ಕಳು. ಆ ನಗು ನೋಡಿ ಎಷ್ಟು ದಿನವಾಗಿತ್ತೋ.

ಆದರೆ ಹುಳು ಬದುಕಿದ್ದು ತಮಗೆ ಹೇಗೆ ಗೊತ್ತಾಗಬೇಕು? ತಮಗೆ ಗೊತ್ತಾದದ್ದು ವಾಟ್ಸಾಪಿನಲ್ಲಿ ಇಪ್ಪತ್ತರ ಫೋಟೋ ಬರಲಿಲ್ಲ ಎಂಬುದು. ಹುಳು ಇನ್ನೂ ಒಳಗಿದ್ದಾಗಲೇ ಪರಿವೀಕ್ಷಕರು ಜೀಪಿನಲ್ಲಿ ಇಳಿದರು. ಮೈಗೆ ಸೆಂಟು ಬಡಿದುಕೊಂಡಿದ್ದರು. ಪಕ್ಕದ ಮನೆಯ ಅಕ್ಕಯ್ಯಮ್ಮ, ತೊಂಬತ್ತರ ಹತ್ತಿರದ ಮುದುಕಿ, ಜಗಲಿಯಿಂದಲೇ ಕೋಲು ಅಡ್ಡ ಹಿಡಿದು, ಸೆಂಟು ಬಳಿದುಕೊಂಡು ಬಂದೆಯಾ ಎಂದು ಅರ್ಧ ತೆಲುಗಿನಲ್ಲೇ ಗದರಿದರು. "ಸೆಂಟು ಪೂಸುಕೊನಿ ವಚ್ಚಿನಾವಾ ನಾಯನಾ? ಹುಳದ ಮನೆ ಅದು. ಮೈ ತೊಳ್ಕೊಂಡು ಬಾ." ಅವರು ತೊಳೆದುಕೊಳ್ಳಲಿಲ್ಲ. ಬೂಟುಗಾಲಿನಲ್ಲೇ ಒಳಗೆ ಹೋದರು. ತಟ್ಟೆಗಳತ್ತ ಕಣ್ಣೂ ಹಾಯಿಸದೆ ಗೋಣಿತಾಟಿನ ಫೋಟೋ ಹೊಡೆದುಕೊಂಡರು.

"ಯಾರ್ರೀ ಎಸಿ ಆರಿಸಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಆಶಾರಾಣಿ ಮುಂದೆ ಬಂದಳು. "ನಾನೇ ಸಾರ್."

ಅವರು ಬರೆದುಕೊಂಡರು. ನಾನು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪರವಾನಗಿ ಯಾರ ಹೆಸರಲ್ಲಿದೆಯೋ ಅವರ ಮಾತೇ ಸಾಕಂತೆ. ಜೀಪು ಹೋದ ಮೇಲೆ, ಯಾಕೆ ಹಾಗೆ ಹೇಳಿದೆ ಎಂದು ಬೈದೆ. "ನಿಮಗೆ ಪೆನ್ಷನ್ ಬರ್ತದಲ್ಲ ಅತ್ತೆ. ಅದಕ್ಕೇನಾದ್ರೂ ತೊಂದ್ರೆ ಕೊಟ್ರೆ?" ಎಂದಳು. ನನಗೆ ಅಳು ಬಂತು. ಹುಳು ಮಲಗಿದ್ದವು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ.

ಆಮೇಲೆ ನಾವಿಬ್ಬರೂ ತಮ್ಮ ಕಚೇರಿಗೆ ಬಂದೆವು. ತಮಗೆ ನೆನಪಿರಲಾರದು, ನೆನಪಿಸುತ್ತೇನೆ. ತಮ್ಮ ಕೊಠಡಿಯಲ್ಲಿ ಸ್ಪ್ಲಿಟ್ಟು ತಮ್ಮ ನೆತ್ತಿಗೇ ಊದುತ್ತಿತ್ತು. ತಾವು ಅರ್ಧತೋಳಿನ ಸ್ವೆಟರು ಹಾಕಿಕೊಂಡಿದ್ದಿರಿ. ಏಪ್ರಿಲಿನಲ್ಲಿ ಸ್ವೆಟರು ಹಾಕುವ ಭಾಗ್ಯ ನಮ್ಮ ಜಿಲ್ಲೆಯಲ್ಲಿ ತಮ್ಮೊಬ್ಬರದೇ ಇರಬೇಕು. ಆಶಾರಾಣಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎಳೆ ಹಿಪ್ಪುನೇರಳೆ ಎಲೆಯನ್ನು ತಮ್ಮ ಮೇಜಿನ ಮೇಲಿಟ್ಟಳು. ಅದು ಆಗತಾನೇ ಕಿತ್ತಷ್ಟು ಹಸಿಯಾಗಿತ್ತು. ತಾವು ಕೂರಿ ಎಂದು ಕೈಯಲ್ಲೇ ಸನ್ನೆ ಮಾಡಿ ಫೋನಿನಲ್ಲಿ ಮಾತಾಡುತ್ತ ಹೋದಿರಿ. ಯಾರದೋ ಗೃಹಪ್ರವೇಶ, ಅಡುಗೆಯವರು ಯಾರು, ಹೋಳಿಗೆಯೋ ಜಿಲೇಬಿಯೋ ಎಂಬ ಚರ್ಚೆ. ಅದು ಮುಗಿದರೆ ಇನ್ನೊಂದು ಕರೆ. ನಾವು ತಮ್ಮನ್ನು ನೋಡುತ್ತಿರಲಿಲ್ಲ, ಎಲೆಯನ್ನು ನೋಡುತ್ತಿದ್ದೆವು. ಮೊದಲು ಅಂಚು ಮಡಿಚಿತು. ಆಮೇಲೆ ತೊಟ್ಟು ಸೋತಿತು. ತಾವು ಫೋನು ಇಡುವಷ್ಟರಲ್ಲಿ ಪೂರ್ತಿ ಜೋತು ಬಿದ್ದಿತ್ತು. ಹೇಳಬೇಕಾದ್ದನ್ನೆಲ್ಲ ಅದೇ ಹೇಳಿದೆ ಎಂದುಕೊಂಡೆವು.

ತಾವು ಅದನ್ನು ಪೆನ್ನಿನ ತುದಿಯಿಂದ ಬದಿಗೆ ಸರಿಸಿದಿರಿ. "ಏನಮ್ಮ ಇದು, ಹಳೇ ಎಲೆ ತಂದಿದ್ದೀರಾ?" ಎಂದಿರಿ.

ಆಶಾರಾಣಿ ಎಲೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ಊರು ಬಂದಾಗಲೇ ಎದ್ದಳು.

ಹೀಗೆಂದರೆ ಎಸಿಯ ಮೇಲೆ ನನಗೆ ದ್ವೇಷ ಎಂದು ತಿಳಿಯಬೇಡಿ. ಚಿಂತಾಮಣಿಯಲ್ಲಿ ನನ್ನ ತಮ್ಮ ಕನಕರಾಜ್‌ನ ಮೆಡಿಕಲ್ ಅಂಗಡಿ ಇದೆ. ಮಾತ್ರೆಗಳು ಸೆಕೆಗೂ ಕೆಡುತ್ತವೆ, ತೇವಕ್ಕೂ ಕೆಡುತ್ತವೆ. ಅಲ್ಲಿ ಒಣ ತಂಪೇ ಬೇಕು, ಸ್ಪ್ಲಿಟ್ಟೇ ಸರಿ. ಅಲ್ಲಿ ನಮ್ಮ ಗೋಣಿತಾಟು ಕಟ್ಟಿದರೆ ಅವನ ಮಾತ್ರೆಗಳು ಕರಗಿ ಲೇಹ್ಯವಾಗುತ್ತವೆ. ಆಶಾರಾಣಿಯ ಗಂಡ, ನನ್ನ ಮಗ ನರೇಂದ್ರ, ಗೌರಿಬಿದನೂರಿನಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಅವನ ಬಾಡಿಗೆ ಕೋಣೆಗೆ ಕಿಟಕಿಯ ಒಂಟಿ ಪೆಟ್ಟಿಗೆಯೇ ಸಾಕು, ಮನೆಯ ಮಾಲೀಕ ಗೋಡೆ ಕೊರೆಯಲು ಬಿಡುವುದಿಲ್ಲ. ಅವರವರ ಮನೆಗೆ, ಅವರವರ ಕಸುಬಿಗೆ ಯಾವುದು ಸರಿಯೋ ಅದು. ಇದನ್ನು ತಿಳಿಯಲು ದೊಡ್ಡ ಓದು ಬೇಕಿಲ್ಲ. ಒಳಗೆ ಯಾರಿದ್ದಾರೆ, ಅವರಿಗೆ ಏನು ಬೇಕು ಎಂದು ಮೊದಲು ಕೇಳಬೇಕು, ಅಷ್ಟೇ. ಕೇಳದೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ತಮ್ಮದೇ ತರಬೇತಿ ಸಭಾಂಗಣ ಇದೆ. ಅಲ್ಲಿಗೆ ಇದೇ ಯೋಜನೆಯಡಿ ತಾವು ಕೂಲರು ಹಾಕಿಸಿದ್ದೀರಿ! ಕಿಟಕಿ ಮುಚ್ಚಿದ ಸಭಾಂಗಣದಲ್ಲಿ, ಮಳೆಗಾಲದಲ್ಲಿ, ನೂರು ಜನರ ನಡುವೆ. ಕಳೆದ ವರ್ಷ ಅಲ್ಲಿ ತರಬೇತಿಗೆ ಬಂದ ನಾವೆಲ್ಲ ಇಡ್ಲಿ ಪಾತ್ರೆಯೊಳಗೆ ಕೂತ ಹಾಗೆ ಬೆಂದು ಬಂದೆವು. ಆ ಕೂಲರು ನಮಗೆ ಕೊಟ್ಟು, ಈ ಎಸಿ ಅಲ್ಲಿಗೆ ಒಯ್ದಿದ್ದರೆ ಹುಳುವೂ ಉಳಿಯುತ್ತಿತ್ತು, ಮನುಷ್ಯರೂ ಉಳಿಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಈಗ ಬರೆ ಎಳೆಸಿಕೊಂಡ ಎಮ್ಮೆಗೆ ನೋಟೀಸೂ ಬಂದಿದೆ.

ಇಷ್ಟಕ್ಕೂ ಈ ಬೀಗ ಬೀಳುವುದು ಯಾರಿಗೆ? ಸೊಸೆಯ ಕೇಂದ್ರ ಮುಚ್ಚಿದರೆ ನಲ್ಲಪ್ಪನಂಥ ಹತ್ತಾರು ಮನೆಯವರು ಎಳೆ ಹುಳುವಿಗಾಗಿ ದೂರದ ಊರುಗಳಿಗೆ ಅಲೆಯಬೇಕು. ಬಿಸಿಲಲ್ಲಿ ತಂದ ಹುಳು ದಾರಿಯಲ್ಲೇ ಅರ್ಧ ಸಾಯುತ್ತದೆ. ಅವರು ಹೇಗೋ ಸುಧಾರಿಸಿಕೊಂಡಾರು. ಆಶಾರಾಣಿ ಸುಧಾರಿಸಿಕೊಳ್ಳಲಾರಳು ಎಂಬ ಭಯ ನನಗೆ. ನೋಟೀಸು ಬಂದ ದಿನದಿಂದ ಅವಳು ತಟ್ಟೆಗಳನ್ನು ತೊಳೆದು, ಒಣಗಿಸಿ, ಮತ್ತೆ ಅದೇ ತಟ್ಟೆಗಳನ್ನು ತೊಳೆಯುತ್ತಿದ್ದಾಳೆ. ಜಗಳಕ್ಕೆ ಕರೆದರೂ ಬರುತ್ತಿಲ್ಲ. ಜಗಳಕ್ಕೆ ಬಾರದ ಸೊಸೆಯನ್ನು ಕಂಡರೆ ಅತ್ತೆಗೆ ಎಷ್ಟು ಹೆದರಿಕೆಯಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಅವಳ ಮೇಲಿನ ನೋಟೀಸು ಹಿಂತೆಗೆದುಕೊಳ್ಳಿ. ಆರಿಸಿದ ಕೈ ನನ್ನದು, ನೋಟೀಸನ್ನು ನನ್ನ ಹೆಸರಿಗೆ ಕಳಿಸಿ. ನನ್ನಲ್ಲಿ ರದ್ದು ಮಾಡಲು ಯಾವ ಪರವಾನಗಿಯೂ ಇಲ್ಲ; ಪಿಂಚಣಿಯ ಮೇಲೆ ಕಣ್ಣಿದ್ದರೆ ಅದರ ಕಾಗದವನ್ನೂ ಕಳಿಸುತ್ತೇನೆ, ಯಾವ ನಿಯಮದಡಿ ತಡೆಯುತ್ತೀರೋ ನೋಡೋಣ. ಎಸಿ ಇಟ್ಟುಕೊಳ್ಳಿ ಎಂದರೆ ಜೊತೆಗೆ ತೇವದ ಯಂತ್ರ ಕೊಡಿ, ಎಷ್ಟು ಡಿಗ್ರಿ ಎಂಬುದನ್ನು ಹುಳು ಸಾಕುವವಳಿಗೆ ಬಿಡಿ. ಕೊಡಲಾಗದಿದ್ದರೆ ಬಿಚ್ಚಿ ತಮ್ಮ ಸಭಾಂಗಣಕ್ಕೆ ಒಯ್ಯಿರಿ. ನಮಗೆ ನಮ್ಮ ಗೋಣಿತಾಟು ಸಾಕು.

ಇದಾವುದೂ ಆಗುವುದಿಲ್ಲ, ಬೀಗವೇ ಖಚಿತ ಎನ್ನುವುದಾದರೆ ಒಂದು ಮಾತು. ಮುಂದಿನ ಬೆಳೆಯ ಮೊಟ್ಟೆ ಆಗಲೇ ಬಂದಿದೆ. ತಾವು ಬೀಗ ತರುವ ಹೊತ್ತಿಗೆ ಹುಳು ಮೊದಲ ಜ್ವರಕ್ಕೆ ಮಲಗಿರುತ್ತವೆ. ಮೊಟ್ಟೆಗೆ ತಮ್ಮ ನೋಟೀಸು ಓದಿ ಒಡೆಯುವುದನ್ನು ಮುಂದೂಡಲು ಬರುವುದಿಲ್ಲ. ಕಿಟಕಿಗೆ ಗೋಣಿತಾಟು ಇರುತ್ತದೆ, ಬಾಗಿಲಲ್ಲಿ ನಾನಿರುತ್ತೇನೆ. ಬನ್ನಿ. ಆದರೆ ಸೆಂಟು ಹಾಕಿಕೊಳ್ಳದೆ ಬನ್ನಿ, ಬೂಟು ಹೊರಗೆ ಬಿಡಿ, ಕೈಕಾಲು ತೊಳೆದುಕೊಳ್ಳಿ, ಸುಣ್ಣದ ಪುಡಿ ತುಳಿಯಿರಿ. ಬೀಗ ಹಾಕುವಾಗ ಸದ್ದು ಮಾಡಬೇಡಿ. ಒಳಗೆ ಮಲಗಿರುತ್ತವೆ.

ಇಂತಿ,
ಸೊಸೆಯ ಪರ ನಿಂತು ಅತ್ತೆಯರ ಕುಲಕ್ಕೇ ಕೆಟ್ಟ ಹೆಸರು ತಂದ,
ತಮ್ಮ ಎಸಿ ಆರಿಸಿದ ನಿಜವಾದ ಅಪರಾಧಿ,
ಶ್ಯಾಮಲಮ್ಮ
ನಿವೃತ್ತ ಮುಖ್ಯೋಪಾಧ್ಯಾಯಿನಿ